ಏರಿನಲ್ಲಿ ಫೇಲ್, ಲೈಸೆನ್ಸಲ್ಲಿ ಪಾಸ್

ಕಾರು ಕಲಿಸೋ ಸ್ಕೂಲಿನವರ ಮೇಲೆ ನನಗೊಂದು ಹಳೇ ಸಿಟ್ಟಿದೆ. ಅದು ಹುಟ್ಟಿದ್ದು ಚಾರ್ಮಾಡಿ ಘಾಟಿಯಲ್ಲಿ.

ಲೈಸೆನ್ಸ್ ಸಿಕ್ಕು ಮೂರು ತಿಂಗಳಾಗಿತ್ತು. ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಖುಷಿಗೆ ಅಪ್ಪ ಅಮ್ಮನ್ನ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿದ್ದೆ. ನಮ್ಮೂರು ಅರಸೀಕೆರೆ ಕಡೆ, ಬಯಲು. ಅಲ್ಲಿ ಏರು ಅಂದ್ರೆ ಕೆರೆ ಏರಿ, ಅಷ್ಟೇ. ಹೋಗುವಾಗ ಘಾಟಿ ಇಳಿಯೋದು, ಹೇಗೋ ಇಳಿದೆವು. ವಾಪಸ್ ಬರುವಾಗ ಒಂದು ತಿರುವಿನಲ್ಲಿ ಮೇಲಿಂದ ಬಸ್ಸು ಬಂತು, ನಿಲ್ಲಿಸಿದೆ. ಬಸ್ಸು ಹೋಯ್ತು. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಕಡೆ ಕಾಲು ತಂದೆ. ಕಾರು ಹಿಂದಕ್ಕೆ ಹೊರಟಿತು. ಗಾಬರಿಗೆ ಕ್ಲಚ್ ಪೂರ್ತಿ ಬಿಟ್ಟೆ, ಇಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಅದೇ ಕತೆ. ಮೂರನೇ ಸಲ ಹಿಂದೆ 'ಟಕ್' ಅಂತ ಸದ್ದು ಬಂತು. ಬೈಕೊಂದರ ಮುಂದಿನ ಗಾಲಿಗೆ ನನ್ನ ಬಂಪರ್ ತಾಗಿತ್ತು. ಬೈಕಿನ ಮೇಲೆ ಗಂಡ ಹೆಂಡತಿ, ನಡುವೆ ಒಂದು ಮಗು. ಅವನು ಎರಡೂ ಕಾಲು ಊರಿ ಬೀಳದಂಗೆ ಹೇಗೋ ತಡೆದು ನಿಂತಿದ್ದ. ಇನ್ನೊಂದು ಅಡಿ ಜಾರಿದ್ದರೆ ಏನಾಗ್ತಿತ್ತು ಅಂತ ಯೋಚನೆ ಮಾಡೋಕೆ ಈಗಲೂ ಆಗಲ್ಲ.

ಅಪ್ಪ ಬಾಗಿಲು ತೆಗೆದು ಇಳಿದ. "ಬ್ರೇಕ್ ತುಳ್ಕೊಂಡೇ ಇರು ಕಣ್ಲಾ" ಅಂದು, ಬೈಕಿನವನನ್ನ ಪಕ್ಕಕ್ಕೆ ಕಳಿಸಿ, ರಸ್ತೆ ಬದಿಯಿಂದ ಒಂದು ದಪ್ಪ ಕಲ್ಲು ತಂದು ಹಿಂದಿನ ಗಾಲಿಗೆ ಕೊಟ್ಟ. "ಈಗ ಬಿಡು. ಎತ್ತು ಎಳೆಯೋಗಂಟ ಭಾರ ಕಲ್ಲಿನ ಮ್ಯಾಲಿರ್ತದೆ" ಅಂದ. ಕಾರು ಅಲುಗಲಿಲ್ಲ. ನಿಧಾನಕ್ಕೆ ಕ್ಲಚ್ ಬಿಟ್ಟೆ, ಮುಂದೆ ಸರಿಯಿತು. ಸಮ ಜಾಗ ಸಿಗೋವರೆಗೂ ನಾನು ನಿಲ್ಲಿಸಲಿಲ್ಲ, ನಿಲ್ಲಿಸೋ ಧೈರ್ಯ ಇರಲಿಲ್ಲ. ಅಪ್ಪ ಕಲ್ಲನ್ನ ಎತ್ತಿ ಬದಿಗೆ ಹಾಕಿ ನಡ್ಕೊಂಡು ಬಂದು ಹತ್ತಿದ. (ಗಾಲಿಗೆ ಕೊಟ್ಟ ಕಲ್ಲನ್ನ ರಸ್ತೆ ಮಧ್ಯೆ ಬಿಟ್ಟು ಹೋಗೋ ಲಾರಿಯವರು ಇದನ್ನ ಓದಿದರೆ ಒಳ್ಳೇದು.)

ಎತ್ತಿನ ಗಾಡಿ ಹೊಡೆದವನಿಗೆ ಗೊತ್ತಿದ್ದ ವಿಷಯ ಬಿಇ ಮಾಡಿದ ನನಗೆ ಯಾಕೆ ಹೊಳೀಲಿಲ್ಲ? ಆಮೇಲೆ ಕೂತು ಲೆಕ್ಕ ಹಾಕಿದೆ. ಹತ್ತು ಅಡಿಗೆ ಒಂದು ಅಡಿ ಏರೋ ರಸ್ತೆಯಲ್ಲಿ 1,000 ಕೆಜಿ ಕಾರನ್ನ ಹಿಂದಕ್ಕೆ ಎಳೆಯೋ ಬಲ ಸುಮಾರು 100 ಕೆಜಿ ಭಾರಕ್ಕೆ ಸಮ. ಅಂದ್ರೆ ಒಂದು ಕ್ವಿಂಟಲ್ ಮೂಟೆ ಹಗ್ಗ ಕಟ್ಟಿ ಹಿಂದಿನಿಂದ ಎಳೆದಂಗೆ. ಘರ್ಷಣೆ ಪಕ್ಕಕ್ಕಿಟ್ಟರೆ ಬ್ರೇಕ್ ಬಿಟ್ಟ ಒಂದು ಸೆಕೆಂಡಿಗೆ ಕಾರು ಅರ್ಧ ಮೀಟರ್ ಜಾರುತ್ತೆ, ಎರಡು ಸೆಕೆಂಡಿಗೆ ಎರಡು ಮೀಟರ್. ಹೊಸಬ ಬ್ರೇಕಿನಿಂದ ಕಾಲು ತೆಗೆದು, ಆಕ್ಸಿಲರೇಟರ್ ಹುಡುಕಿ, ಕ್ಲಚ್ ಹಿಡಿಯೋ ಜಾಗಕ್ಕೆ ತರೋಕೆ ಎರಡು ಸೆಕೆಂಡು ಸಾಲಲ್ಲ. ಹಿಂದೆ ಬೈಕು ನಿಂತಿರೋದು ಒಂದು ಮೀಟರ್ ದೂರದಲ್ಲಿ. ಇದು ಚಾಲಕನ ಧೈರ್ಯದ ಪ್ರಶ್ನೆಯೇ ಅಲ್ಲ, ಲೆಕ್ಕದ ಪ್ರಶ್ನೆ.

ಇದಕ್ಕೆ ಉತ್ತರ ಕಾರಿನೊಳಗೇ ಇದೆ, ನಮ್ಮ ಎಡಗೈ ಪಕ್ಕದಲ್ಲಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಬಲಗಾಲು ಆರಾಮಾಗಿ ಆಕ್ಸಿಲರೇಟರ್ ಮೇಲೆ ಕೂರಬಹುದು. ಮೊದಲನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ನಿಧಾನಕ್ಕೆ ಬಿಡ್ತಾ ಬಂದ್ರೆ ಒಂದು ಕಡೆ ಇಂಜಿನ್ ದನಿ ದಪ್ಪ ಆಗುತ್ತೆ, ಬಾನೆಟ್ ಸ್ವಲ್ಪ ಮೇಲೇಳುತ್ತೆ. ಎತ್ತು ನೊಗಕ್ಕೆ ಹೆಗಲು ಕೊಟ್ಟಿತು ಅಂತ ಅರ್ಥ. ಆಗ ಹ್ಯಾಂಡ್ ಬ್ರೇಕ್ ಇಳಿಸಿದರೆ ಒಂದು ಇಂಚೂ ಹಿಂದೆ ಹೋಗಲ್ಲ. ಅಪ್ಪ ಕೊಟ್ಟ ಕಲ್ಲು ಇದೇ.

ನನಗೆ ಕಲಿಸಿದ ಇನ್‌ಸ್ಟ್ರಕ್ಟರ್ ಹ್ಯಾಂಡ್ ಬ್ರೇಕ್ ಬಗ್ಗೆ ಹೇಳಿದ್ದು ಒಂದೇ ವಾಕ್ಯ: "ಅದು ಪಾರ್ಕಿಂಗ್‌ಗೆ ಸಾರ್." ಬೆಳಿಗ್ಗೆ ಆರಕ್ಕೆ ಖಾಲಿ ಲೇಔಟಿನ ಸಪಾಟು ರಸ್ತೆಯಲ್ಲಿ ಕಲಿಕೆ. ಅವರ ಕಾಲ ಕೆಳಗೂ ಕ್ಲಚ್ಚು ಬ್ರೇಕು ಇರುತ್ತೆ. ನಾನು ಕಾರು ನಡೆಸ್ತಿದ್ದೀನಿ ಅಂತ ನಾನು ಅಂದ್ಕೊಂಡಿದ್ದೆ, ನಡೆಸ್ತಿದ್ದದ್ದು ಅವರು. ಒಂದು ದಿನ ಫ್ಲೈಓವರ್ ಹತ್ತಿದಾಗ ಟ್ರಾಫಿಕ್ ನಿಂತಿತು, ಮತ್ತೆ ಹೊರಟಿತು, ಕಾರು ಒಂಚೂರೂ ಜಾರಲಿಲ್ಲ. ನಾನು ಬೀಗಿದೆ. ಅವರು ಸುಮ್ಮನಿದ್ದರು. ನನ್ನ ಸಿಟ್ಟು ಆ ಸುಮ್ಮನಿದ್ದದ್ದರ ಮೇಲೆ.

ನಿಯಮ ಏನೂ ಸುಮ್ಮನಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ತೆಗೆದು ನೋಡಿ. ಲೈಸೆನ್ಸ್ ಕೇಳೋನು ಕಡಿದಾದ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನೋ ಅಥವಾ ಆಕ್ಸಿಲರೇಟರ್ ಮತ್ತು ಕಾಲಿನ ಬ್ರೇಕನ್ನೋ ಸರಿಯಾಗಿ ಬಳಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು ಅಂತ ಅದರಲ್ಲೇ ಇದೆ. ನಾನು ಪರೀಕ್ಷೆ ಕೊಟ್ಟ ಮೈದಾನ ಕ್ರಿಕೆಟ್ ಆಡೋ ಹಂಗಿತ್ತು. ಒಂದು ಎಂಟು ಹಾಕಿಸಿದರು, ಸ್ವಲ್ಪ ರಿವರ್ಸ್, ಮುಗೀತು. ಟೆಸ್ಟ್ ಕೇಸ್ ಬರೆದಿಟ್ಟು, ರನ್ ಮಾಡದೇ 'ಪಾಸ್' ಅಂತ ಗುರುತು ಹಾಕೋದನ್ನ ನಮ್ಮ ಆಫೀಸಲ್ಲಿ ಮಾಡಿದರೆ ಮ್ಯಾನೇಜರ್ ಕರೆದು ಕೂರಿಸ್ಕೋತಾರೆ. ಸೆನ್ಸರ್ ಹಾಕಿದ ಹೊಸ ಪರೀಕ್ಷಾ ಟ್ರ್ಯಾಕ್‌ಗಳಲ್ಲಿ ಹಲವು ಕಡೆ ಏರಿನ ಪರೀಕ್ಷೆಯೂ ಸೇರಿದೆ, ಅದು ಸಂತೋಷ. ಆದರೆ ನನ್ನ ತರ ಸಪಾಟು ಮೈದಾನದಲ್ಲಿ ಪಾಸಾದವರು ಈಗಾಗಲೇ ರಸ್ತೆ ತುಂಬಾ ಇದೀವಿ.

ಇನ್ನು 'ಹಾಫ್ ಕ್ಲಚ್' ಅನ್ನೋ ಮಹಾಮಂತ್ರ. ಯಾರನ್ನ ಕೇಳಿದರೂ "ಹಾಫ್ ಕ್ಲಚ್ಚಲ್ಲಿ ಹಿಡೀರಿ, ನಿಂತ್ಕೊಳುತ್ತೆ" ಅಂತಾರೆ. ನಿಂತ್ಕೊಳುತ್ತೆ, ನಿಜ. ಹೊರಡೋ ಆ ಒಂದೆರಡು ಸೆಕೆಂಡಿಗೆ ಅದು ಬೇಕೇ ಬೇಕು. ಆದರೆ ಸಿಗ್ನಲ್ ಬಿಡೋ ತನಕ ಏರಿನಲ್ಲಿ ಹಾಫ್ ಕ್ಲಚ್ಚಲ್ಲೇ ತೂಗಾಡ್ತಾ ನಿಲ್ಲೋದು ಜಾಣತನ ಅಲ್ಲ. ಇಂಜಿನ್ ಕಡೆಯ ಫ್ಲೈವೀಲ್ ತಿರುಗ್ತಾ ಇದೆ, ಕ್ಲಚ್ ಪ್ಲೇಟ್ ನಿಂತಿದೆ, ಎರಡೂ ಒಂದಕ್ಕೊಂದು ಉಜ್ತಾ ಇವೆ. ಆ ಕ್ವಿಂಟಲ್ ಮೂಟೆಯನ್ನ ಹಿಡಿದಿರೋದು ಆ ತೆಳು ಪದರ. ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆ ಬಿಲ್ಲು ಕೈಗೆ ಬರೋದು ತಡ ಆಗಲ್ಲ. ಆದರೂ ನಮ್ಮಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ಹೊರಡೋನು ಹೆದರುಪುಕ್ಕಲ, ಹಾಫ್ ಕ್ಲಚ್ಚಲ್ಲಿ ನಿಲ್ಲೋನು ಪಂಟರ್. ಈ ಪಂಟರ್‌ಗಿರಿಯ ಖರ್ಚನ್ನ ಒಮ್ಮೆ ನಾನೂ ಗ್ಯಾರೇಜಿನಲ್ಲಿ ಕಟ್ಟಿದ್ದೀನಿ, ಹಾಗಾಗಿ ಹೇಳೋ ಹಕ್ಕಿದೆ.

"ಈಗಿನ ಕಾರಲ್ಲಿ ಹಿಲ್ ಹೋಲ್ಡ್ ಬರುತ್ತಲ್ಲ, ಇದೆಲ್ಲ ಯಾಕೆ" ಅಂತ ಗೆಳೆಯನೊಬ್ಬ ಕೇಳಿದ. ಅದು ಹೊಸದೇನಲ್ಲ. ಅಮೆರಿಕದ ಸ್ಟುಡ್‌ಬೇಕರ್ ಕಂಪನಿ 1936ರಲ್ಲೇ 'ಹಿಲ್ ಹೋಲ್ಡರ್' ಅಂತ ಕೊಟ್ಟಿತ್ತು. ಒಳ್ಳೇ ಸೌಲಭ್ಯ, ಬೇಡ ಅನ್ನೋಕೆ ನಾನು ಹುಚ್ಚನಲ್ಲ. ಆದರೆ ಈಗಿನದು ಸಾಮಾನ್ಯವಾಗಿ ಬ್ರೇಕ್ ಹಿಡಿದಿಡೋದು ಎರಡು ಸೆಕೆಂಡು ಮಾತ್ರ. ಅಷ್ಟರಲ್ಲಿ ಕ್ಲಚ್ ಹಿಡಿಯೋ ಜಾಗ ಕಾಲಿಗೆ ಗೊತ್ತಿರಬೇಕು. ಗೊತ್ತಿಲ್ಲದವನು ಎರಡು ಸೆಕೆಂಡು ತಡವಾಗಿ ಹಿಂದಕ್ಕೆ ಜಾರ್ತಾನೆ, ಅಷ್ಟೇ ವ್ಯತ್ಯಾಸ.

ಬೈಕಿನವನ ತಪ್ಪೂ ಇತ್ತು ಅಂತ ಕೆಲವರು ಸಮಾಧಾನ ಹೇಳಿದರು, ಏರಿನಲ್ಲಿ ಅಷ್ಟು ಹತ್ತಿರ ನಿಲ್ಲಬಾರದು ಅಂತ. ನಿಲ್ಲಬಾರದು, ಸರಿ. ಆದರೆ ಮಗು ಕೂರಿಸ್ಕೊಂಡು ನಿಂತಿದ್ದವನು ಅವನು, ಜಾರಿದವನು ನಾನು.

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗಳು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಭಾನುವಾರ ಊರಲ್ಲಿ ಕೆರೆ ಏರಿ ಹತ್ತೋ ದಾರಿಯಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಹೊರಡೋದನ್ನ ಹತ್ತು ಹನ್ನೆರಡು ಸಲ ಮಾಡಿಸಿದೆ. ಮೊದಲ ನಾಲ್ಕು ಸಲ ಇಂಜಿನ್ ಆಫ್. ಆಮೇಲೆ ಕಾಲಿಗೆ ಗೊತ್ತಾಯ್ತು. ಅಪ್ಪ ಬೇವಿನ ಮರದ ಕೆಳಗೆ ಕೂತು ನೋಡ್ತಿದ್ದ, ಪಕ್ಕದಲ್ಲಿ ಒಂದು ಕಲ್ಲು ಇಟ್ಕೊಂಡೇ. ಮಂಗಳವಾರ ಅವಳು ಫೋನ್ ಮಾಡಿದಳು. ಕ್ಲಾಸಲ್ಲಿ ರೈಲ್ವೆ ಸೇತುವೆ ಹತ್ತುವಾಗ ಕಾರು ನಿಂತಿತಂತೆ, ಇವಳು ಹ್ಯಾಂಡ್ ಬ್ರೇಕಿಗೆ ಕೈ ಹಾಕಿದಳಂತೆ.

"ಕೈ ಮೇಲೆ ಒಂದು ಹೊಡೆದ್ರು ಅಣ್ಣ. ಅದು ಪಾರ್ಕಿಂಗ್‌ಗಮ್ಮಾ ಅಂದ್ರು."