ಶೂನ್ಯದ ಪ್ರತಿಜ್ಞೆಯೂ ಅಣುವ್ರತವೂ

ಗೃಹಸ್ಥನಿಂದ ಆಗುವ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ಶ್ರಾವಕರೆಲ್ಲರಿಗೂ ತಿಳಿದ ವಿಷಯ. ಸಂಕಲ್ಪಪೂರ್ವಕವಾದ ಹಿಂಸೆ ಸರ್ವಥಾ ತ್ಯಾಜ್ಯ. ಜೀವನೋಪಾಯಕ್ಕಾಗಿ ಮಾಡುವ ಉದ್ಯೋಗದಲ್ಲಿ ಸಂಭವಿಸುವ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರನಾದ್ದರಿಂದ ಅದನ್ನು ಯತ್ನಾಚಾರದಿಂದ ಕಡಿಮೆ ಮಾಡುತ್ತ ಹೋಗಬೇಕು. ಈ ವಿಂಗಡಣೆ ರೂಪುಗೊಂಡ ಕಾಲದಲ್ಲಿ ಕ್ರೋಮ್ ಲೇಪನದ ತೊಟ್ಟಿಗಳಿರಲಿಲ್ಲ. ಇಂದು ಬೆಂಗಳೂರಿನ ಪೀಣ್ಯದಲ್ಲಿ ಅವು ಇವೆ. ಅಲ್ಲಿನ ಸಣ್ಣ ಉದ್ಯಮಿಯ ಮುಂದೆ ಈಗ ಹೊಸದೊಂದು ಆಚಾರಗ್ರಂಥವೂ ಬಂದಿದೆ. ಅದರ ಹೆಸರು ಪ್ರಮಾಣಪತ್ರ.

ಪರಿಸರ ನಿರ್ವಹಣೆಗೆ ಸಂಬಂಧಿಸಿದ ಐಎಸ್ಒ 14001 ಮಾನದಂಡವು 1996ರಲ್ಲಿಯೂ, ಕಾರ್ಮಿಕರ ಸ್ಥಿತಿಗತಿಗೆ ಸಂಬಂಧಿಸಿದ ಎಸ್ಎ 8000 ಎಂಬುದು 1997ರಲ್ಲಿಯೂ ಪ್ರಕಟವಾದವು. ಭಾರತ ಸರ್ಕಾರವು ಸಣ್ಣ ಉದ್ಯಮಗಳಿಗೆಂದೇ 2016ರಲ್ಲಿ 'ಝೆಡ್' ಯೋಜನೆಯನ್ನು ಆರಂಭಿಸಿ 2022ರಲ್ಲಿ ಪರಿಷ್ಕರಿಸಿತು. ಕಂಚು, ಬೆಳ್ಳಿ, ಚಿನ್ನವೆಂಬ ಮೂರು ಮೆಟ್ಟಿಲುಗಳು. ಪರಿಷ್ಕೃತ ಯೋಜನೆಯಲ್ಲಿ ಶುಲ್ಕದ ಶೇಕಡಾ 80ರಷ್ಟನ್ನು ಅತಿಸಣ್ಣ ಘಟಕಗಳಿಗೂ 60ರಷ್ಟನ್ನು ಸಣ್ಣ ಘಟಕಗಳಿಗೂ ಸರ್ಕಾರವೇ ಭರಿಸುವ ಏರ್ಪಾಡು. ಮೆಟ್ಟಿಲು ಹತ್ತುವ ಮೊದಲು ಉದ್ಯಮಿಯು ಪ್ರತಿಜ್ಞೆಯೊಂದನ್ನು ಸ್ವೀಕರಿಸಬೇಕು ಎಂಬ ನಿಯಮ ಶ್ರಾವಕರ ಕಿವಿಗೆ ಪರಿಚಿತವಾಗಿಯೇ ಕೇಳಿಸುತ್ತದೆ.

ಆದರೆ ಹೆಸರನ್ನೇ ನೋಡಬೇಕು: ದೋಷ ಶೂನ್ಯ, ಪರಿಣಾಮ ಶೂನ್ಯ. ಉತ್ಪಾದನೆ ಮಾಡುತ್ತ ಪರಿಸರದ ಮೇಲೆ ಯಾವ ಪರಿಣಾಮವೂ ಇಲ್ಲವೆನ್ನುವುದು ಮಹಾವ್ರತಿಗಳೂ ಆಡಲು ಹಿಂಜರಿಯುವ ಮಾತು. ನೀರು, ಬೆಂಕಿ, ಗಾಳಿ, ಮಣ್ಣುಗಳಲ್ಲಿ ಏಕೇಂದ್ರಿಯ ಜೀವಗಳನ್ನು ಕಂಡ ಪರಂಪರೆಗೆ ಕುಲುಮೆಯೊಂದು ನಿಷ್ಪರಿಣಾಮವಾಗಿ ಉರಿಯುತ್ತದೆಯೆಂದು ನಂಬಿಸುವುದು ಕಷ್ಟ. ಅಣುವ್ರತವು ತನ್ನ ಹೆಸರಿನಲ್ಲಿಯೇ ತನ್ನ ಮಿತಿಯನ್ನು ಒಪ್ಪಿಕೊಂಡಿದೆ. ಆ ಪ್ರಾಮಾಣಿಕತೆ ಈ ಹೊಸ ಗ್ರಂಥದಲ್ಲಿಲ್ಲ.

ಹೆಸರನ್ನು ಬಿಟ್ಟು ಒಳಗಿನ ವಿಷಯಕ್ಕೆ ಬಂದರೆ ಅಂತರ ಅಷ್ಟು ದೊಡ್ಡದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡು ಬರುತ್ತವೆ. ಅವನ್ನು ಹೆಚ್ಚಾಗಿ ಎತ್ತು, ಕತ್ತೆಗಳ ಸಂದರ್ಭದಲ್ಲಿಯೇ ವಿವರಿಸುವುದು ರೂಢಿ. ಎರಡು ಪಾಳಿಯನ್ನು ಒಬ್ಬನಿಂದಲೇ ಮಾಡಿಸುವುದೂ, ಊಟದ ಬಿಡುವನ್ನು ಕಸಿಯುವುದೂ ಬೇರೆಯಲ್ಲ. ಎಸ್ಎ 8000 ಹೇಳುವುದೂ ಇದನ್ನೇ: ವಾರಕ್ಕೆ 48 ಗಂಟೆ, ಅದರ ಮೇಲೆ ಸ್ವಂತ ಒಪ್ಪಿಗೆಯಿಂದ ಹೆಚ್ಚೆಂದರೆ 12. 1948ರ ಕಾರ್ಖಾನೆ ಕಾಯಿದೆಯು ವಿಧಿಸಿದ್ದ ವಾರದ ಮಿತಿಯೂ 48 ಗಂಟೆಯೇ. ಹಾಗಾದರೆ ಶಾಸ್ತ್ರವೂ ಶಾಸನವೂ ಹೇಳಿದ್ದನ್ನು ಮತ್ತೊಮ್ಮೆ ಹೇಳಿಸಿಕೊಳ್ಳಲು ಹಣ ತೆರಬೇಕೇಕೆ?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಆರ್ಡರು. ಷೇರುಪೇಟೆಯಲ್ಲಿ ನೋಂದಾಯಿತವಾದ ಮೊದಲ 1000 ಕಂಪನಿಗಳು ತಮ್ಮ ಸಾಮಾಜಿಕ ಹಾಗೂ ಪರಿಸರ ಹೊಣೆಗಾರಿಕೆಯ ವರದಿ ಸಲ್ಲಿಸುವುದನ್ನು ಸೆಬಿಯು 2022-23ರಿಂದ ಕಡ್ಡಾಯಗೊಳಿಸಿತು. ದೊಡ್ಡ ಕಂಪನಿಗಳ ಪೂರೈಕೆದಾರರ ವಿವರವನ್ನೂ ಕೇಳುವ ಸೂಚನೆ 2023ರಲ್ಲಿ ಬಂದು, 2025ರಲ್ಲಿ ಅದು ಸ್ವಇಚ್ಛೆಯ ವಿಷಯವಾಯಿತು. ಆದರೂ ಹೊರದೇಶದ ಗ್ರಾಹಕರುಳ್ಳ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ದೊಡ್ಡ ಸಂಸ್ಥೆಗಳು ಕೇಳುವ ಪ್ರಶ್ನೆಗಳು ಬಿಡಿಭಾಗ ಮಾಡಿಕೊಡುವವನವರೆಗೆ ಇಳಿದು ಬರುವುದು ಸಹಜ.

ಇಲ್ಲಿ ಧರ್ಮದೃಷ್ಟಿಯಿಂದ ಒಂದು ತೊಡಕಿದೆ. ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳು ಯಾರಲ್ಲಿ ಇಲ್ಲವೋ ಅವನೇ ವ್ರತಿ. ಫಲಾಪೇಕ್ಷೆಯಿಂದ ವ್ರತ ಹಿಡಿಯುವುದು ನಿದಾನ. ಆರ್ಡರಿಗಾಗಿ ಪಡೆದ ಪ್ರಮಾಣಪತ್ರವು ನಿದಾನವಲ್ಲದೆ ಮತ್ತೇನು ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರಶ್ನೆ ವ್ರತಿಯ ಆತ್ಮಕ್ಕೆ ಸಂಬಂಧಿಸಿದ್ದು. ತೊಟ್ಟಿಯ ಮೇಲೆ ಆವಿ ಹೀರುವ ಯಂತ್ರವನ್ನು ಮಾಲೀಕನು ಯಾವ ಭಾವದಿಂದ ಕೂರಿಸಿದನೆಂಬುದು ತೊಟ್ಟಿಯ ಬಳಿ ನಿಂತವನ ಶ್ವಾಸಕೋಶಕ್ಕೆ ಸಂಬಂಧಿಸಿದ್ದಲ್ಲ. ಷಟ್‌ವೇಲೆನ್ಸಿಯ ಕ್ರೋಮಿಯಂ ಆವಿಯು ಮೂಗಿನ ನಡುಗೋಡೆಯಲ್ಲಿ ಹುಣ್ಣು ಮಾಡುತ್ತದೆ. ದೀರ್ಘಕಾಲದಲ್ಲಿ ಕ್ಯಾನ್ಸರಿಗೂ ಕಾರಣವಾಗುತ್ತದೆ. ಭಾವಹಿಂಸೆ ಉಳಿದರೂ ದ್ರವ್ಯಹಿಂಸೆ ಅಷ್ಟರಮಟ್ಟಿಗೆ ತಪ್ಪಿತು. ಶುದ್ಧಭಾವ ಬರಲೆಂದು ಕಾಯುತ್ತ ಕೂರುವ ಉದ್ಯಮಿಗಿಂತ, ಲೋಭದಿಂದಲೇ ಯಂತ್ರ ಕೂರಿಸಿದವನು ಆ ಕೆಲಸಗಾರನ ಪಾಲಿಗೆ ಮೇಲು.

ಪೀಣ್ಯದ ಅಂತರ್ಜಲದಲ್ಲಿ ಈ ಕ್ರೋಮಿಯಂ ಸೇರಿರುವುದು ಸರ್ಕಾರಿ ದಾಖಲೆಗಳಲ್ಲಿಯೇ ಇದೆ; 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮಾಡಿದ ಮಾಪನದಲ್ಲಿಯೇ ಆ ಪ್ರದೇಶ ತೀವ್ರ ಮಲಿನ ಪ್ರದೇಶಗಳ ಪಟ್ಟಿಗೆ ಸೇರಿತ್ತು. ಬಟ್ಟೆಯಲ್ಲಿ ಸೋಸದೆ ನೀರು ಕುಡಿಯದ ಮನೆತನದವರೂ ಉದ್ಯಮ ನಡೆಸುವ ಊರಿದು. ಲೇಪಿತ ವಸ್ತುವನ್ನು ತೊಟ್ಟಿಯ ಮೇಲೆಯೇ ಕೆಲವು ಕ್ಷಣ ಹಿಡಿದು ದ್ರಾವಣ ತೊಟ್ಟಿಕ್ಕಲು ಬಿಟ್ಟರೆ ತೊಳೆಯುವ ನೀರಿಗೆ ಹೋಗುವ ಕ್ರೋಮಿಯಂ ಗಣನೀಯವಾಗಿ ತಗ್ಗುತ್ತದೆ. ಒಂದೇ ತೊಟ್ಟಿಯ ಬದಲು ಎರಡು ಮೂರು ತೊಟ್ಟಿಗಳಲ್ಲಿ ವಸ್ತು ಮುಂದಕ್ಕೂ ನೀರು ಹಿಂದಕ್ಕೂ ಸಾಗುವಂತೆ ಜೋಡಿಸಿದರೆ ನೀರಿನ ಖರ್ಚೂ ಇಳಿಯುತ್ತದೆ. ಇದಕ್ಕೆ ಪ್ರಮಾಣಪತ್ರ ಬೇಕಿಲ್ಲ. ಆದರೂ ಪರಿಶೀಲಕನು ಬಂದು ಲೆಕ್ಕ ಕೇಳುವತನಕ ನೀರನ್ನು ಅಳೆಯದೆ ಇರುವುದೇ ಮನುಷ್ಯಸ್ವಭಾವ. ಪ್ರಮಾಣಪತ್ರದ ನಿಜವಾದ ಉಪಯೋಗ ಗೋಡೆಗೆ ತೂಗುಹಾಕುವ ಚೌಕಟ್ಟಿನಲ್ಲಿಲ್ಲ, ಈ ಅಳತೆಯ ಪುಸ್ತಕದಲ್ಲಿದೆ.

ನಿದಾನಕ್ಕಿಂತ ಘೋರವಾದ ಶಲ್ಯ ಮಾಯೆ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಉಡುಪು ಕಾರ್ಖಾನೆಗೆ ಎಸ್ಎ 8000 ಪ್ರಮಾಣಪತ್ರ ದೊರೆತ ಕೆಲವೇ ವಾರಗಳಲ್ಲಿ, 2012ರ ಸೆಪ್ಟೆಂಬರಿನಲ್ಲಿ, ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಮಂದಿ ಸತ್ತರು. ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು. ಪರಿಶೀಲನೆಗೆ ಒಳಗಾಗುವವನೇ ಪರಿಶೀಲಕನಿಗೆ ಶುಲ್ಕ ಕೊಡುವ ವ್ಯವಸ್ಥೆಯಲ್ಲಿ ಇಂಥ ಕುರುಡುತನಕ್ಕೆ ಅವಕಾಶ ಇದ್ದೇ ಇದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ. ಸುಳ್ಳು ಲೆಕ್ಕಪತ್ರ ಬರೆಯುವುದೆಂದು ಅದರ ಅರ್ಥ. ಹಾಜರಿಗೆ ಎರಡು ಪುಸ್ತಕಗಳನ್ನಿಟ್ಟು, ತೋರಿಸಲೊಂದು ಸಂಬಳಕ್ಕೊಂದು ಎಂದು ನಡೆಸುವವನು ಒಂದೇ ಕಾರ್ಯದಿಂದ ಎರಡು ಅಣುವ್ರತಗಳನ್ನು ಕೆಡಿಸುತ್ತಾನೆ: ಮೊದಲನೆಯದನ್ನು ಅತಿಭಾರದಿಂದ, ಎರಡನೆಯದನ್ನು ಅದನ್ನು ಮುಚ್ಚಿಡುವ ಬರಹದಿಂದ. ಅಂಥವನಿಗೆ ಪ್ರಮಾಣಪತ್ರವಿಲ್ಲದಿದ್ದರೆ ಒಂದು ಪಾಪವಾದರೂ ಕಡಿಮೆಯಾಗುತ್ತಿತ್ತು.

ಐಎಸ್ಒ ಪ್ರಮಾಣಪತ್ರದ ಅವಧಿ ಮೂರು ವರ್ಷ; ನಡುವೆ ವರ್ಷಕ್ಕೊಮ್ಮೆ ತಪಾಸಣೆ. ಪ್ರತಿಕ್ರಮಣದಲ್ಲಿಯೂ ಸಾಂವತ್ಸರಿಕವೆಂಬುದುಂಟು, ಆದರೆ ಅದು ದೈವಸಿಕದ ಬದಲಿಗಲ್ಲ. ಪರಿಶೀಲಕನು ಬಾರದ ಉಳಿದ ದಿನಗಳಲ್ಲಿ ಷೆಡ್ಡಿನ ಹಿಂದಿನ ಮೋರಿಯಲ್ಲಿ ಹರಿಯುವ ನೀರಿನ ಬಣ್ಣವೇನೆಂಬುದು ಮಾಲೀಕನಿಗೂ, ಗುತ್ತಿಗೆಯ ಮೇಲೆ ಬಂದು ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದೆ ದುಡಿಯುವ ಕೆಲಸಗಾರನಿಗೂ ಮಾತ್ರ ಗೊತ್ತಿರುತ್ತದೆ.