ಸಣ್ಣ ಗುಳ್ಳೆಯ ದೊಡ್ಡ ಹೆಸರು

ಶೇ. 80. ಹಡಗಿನ ತಳಕ್ಕೆ ಗಾಳಿಗುಳ್ಳೆ ಹಾಯಿಸಿ ನೀರಿನ ಘರ್ಷಣೆ ತಗ್ಗಿಸುವ ಮಾತು ಎಲ್ಲೇ ಬರಲಿ, ಈ ಅಂಕಿ ಮೊದಲೇ ಬಂದು ಕೂತಿರುತ್ತದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಮಾದವನ್, ಡಾಯ್ಚ್, ಮರ್ಕಲ್ 1984ರಲ್ಲಿ ಪ್ರಕಟಿಸಿದ ಫಲಿತಾಂಶ ಅದು. ಸುಳ್ಳೇನಲ್ಲ. ಆದರೆ ಅದು ಗಾಳಿ ಹೊರಬೀಳುವ ಜಾಗದ ಬೆನ್ನಿಗೇ ಇದ್ದ ಮಾಪಕ ತೋರಿಸಿದ ಗರಿಷ್ಠ ಅಂಕಿ. ‘ಗರಿಷ್ಠ’ ಎಂಬ ಪದ ದಾರಿಯಲ್ಲೆಲ್ಲೋ ಉದುರಿಹೋಗಿ ‘ಸೂಕ್ಷ್ಮಗುಳ್ಳೆ’ ಎಂಬ ಮಂತ್ರವಷ್ಟೇ ಉಳಿಯಿತು. ಆ ಮಂತ್ರ ಇನ್ನು ಸಾಕು ಎನ್ನುವುದು ನನ್ನ ವಾದ. ನನ್ನ ಸಾಕ್ಷಿ, ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಫರ್ಸ್ಕೋಫ್, ಲೋಸೆ ಮತ್ತು ಸಂಗಡಿಗರು 2016ರಲ್ಲಿ ಬರೆದ ಒಂದು ಕಿರುಪ್ರಬಂಧ.

ಒಂದರೊಳಗೊಂದು ನಿಂತ ಎರಡು ಉರುಳೆಗಳು, ನಡುವಿನ ಸಂದಿಯಲ್ಲಿ ನೀರು. ಒಳಗಿನ ಉರುಳೆ ಭರದಿಂದ ತಿರುಗುತ್ತದೆ. ಅದನ್ನು ತಿರುಗಿಸಲು ತಗಲುವ ಬಲವೇ ಗೋಡೆಯ ಘರ್ಷಣೆಯ ಅಳತೆ. ಗಾಳಿಗುಳ್ಳೆ ಸೇರಿಸಿದಾಗ ಎಳೆತ ಶೇ. 40ಕ್ಕೂ ಹೆಚ್ಚು ಇಳಿಯಿತು. ಆಮೇಲೆ ನೀರಿಗೆ ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಬೆರೆಸಿದರು, ಹತ್ತು ಲಕ್ಷ ಪಾಲಿಗೆ ಬರೀ 6 ಪಾಲು. ಆ ಸಂದಿ ಹಿಡಿಸುವುದು ಸುಮಾರು 110 ಲೀಟರ್. ಹಾಗಾಗಿ ಬೆರೆಸಿದ್ದು ಒಂದು ಗ್ರಾಮಿಗೂ ಕಡಿಮೆ. ವೇಗ ಅಷ್ಟೇ, ಗಾಳಿಯೂ ಅಷ್ಟೇ. ಉಳಿತಾಯ ಮಾತ್ರ ಶೇ. 4ರ ಆಸುಪಾಸಿಗೆ ಕುಸಿಯಿತು. ನೀರಿಗೆ ಗಾಳಿ ಸೇರಿದರೆ ಅದರ ಸಾಂದ್ರತೆ, ಸ್ನಿಗ್ಧತೆ ಬದಲಾಗಿ ಹೇಗೂ ಸಿಗುತ್ತಿದ್ದ ಪುಡಿಗಾಸು ಅದು. ಮಾರ್ಜಕ ಗುಳ್ಳೆಗಳು ಒಂದರೊಳಗೊಂದು ಕೂಡದಂತೆ ತಡೆದಿತ್ತು. ದೊಡ್ಡವು ಮಾಯವಾಗಿ ಸಣ್ಣವೇ ತುಂಬಿದ್ದವು.

ಪ್ರಯೋಗದ ಚೆಲುವು ಇಷ್ಟರಲ್ಲೇ ಇದೆ. ಆದರೆ ಲೇಖಕರು ಇಲ್ಲಿ ನಿಲ್ಲುವುದಿಲ್ಲ. ಗುಳ್ಳೆ ದೊಡ್ಡದಿರಬೇಕು ಎಂದು ಶೀರ್ಷಿಕೆ ಸಾರುತ್ತದೆ. ಗುಳ್ಳೆ ಆಕಾರ ಬದಲಿಸಬಲ್ಲದಾಗಿರಬೇಕು ಎಂದು ತೀರ್ಮಾನ ಹೇಳುತ್ತದೆ. ಇವೆರಡೂ ಒಂದೇ ಮಾತಲ್ಲ. ಮಾರ್ಜಕ ಮಾಡಿದ ಕೆಲಸ ಒಂದಲ್ಲ, ಮೂರು. ಗುಳ್ಳೆಯನ್ನು ಸಣ್ಣದಾಗಿಸಿತು. ನೀರಿನ ಮೇಲ್ಮೈ ಸೆಳೆತವನ್ನು ಇಳಿಸಿತು. ಸೆಳೆತ ಇಳಿದರೆ ಗುಳ್ಳೆ ಇನ್ನೂ ಸಲೀಸಾಗಿ ಚಪ್ಪಟೆಯಾಗಬೇಕು, ಅಂದರೆ ಲಾಭ ಹೆಚ್ಚಬೇಕಿತ್ತು. ಹಾಗಾಗಲಿಲ್ಲ, ಸೆಳೆತ ತಗ್ಗಿದ್ದನ್ನೂ ಮೀರಿಸುವಷ್ಟು ಗಾತ್ರ ಕುಗ್ಗಿತು ಎಂದು ಇಲ್ಲಿಯವರೆಗೆ ಒಪ್ಪೋಣ. ಮೂರನೆಯದು ಕಿರಿಕಿರಿಯದು. ಮಾರ್ಜಕದ ಅಣುಗಳು ಗುಳ್ಳೆಯ ಹೊರಮೈಗೆ ಅಂಟಿ ಹಿಂಬದಿಗೆ ಒತ್ತರಿಸಿಕೊಂಡು, ಜಾರುತ್ತಿದ್ದ ಮೈಯನ್ನು ಬಿಗಿಗೊಳಿಸುತ್ತವೆ. ಉಳಿತಾಯ ಹೋದದ್ದು ಗಾತ್ರ ಕುಗ್ಗಿದ್ದರಿಂದಲೋ, ಮೈ ಬಿಗಿದದ್ದರಿಂದಲೋ? ಈ ಒಂದು ಪ್ರಯೋಗದಿಂದಲೇ ಅದನ್ನು ಬಿಡಿಸಲಾಗದು.

ಬಿಡಿಸುವ ಎಳೆ ಇರುವುದು ಹೆಚ್ಚು ಸದ್ದು ಮಾಡದ ಇನ್ನೊಂದು ಕಡೆ. 2005ರಲ್ಲಿ ಲು, ಫರ್ನಾಂಡಿಸ್, ಟ್ರಿಗ್ವಾಸನ್ ಗಣಕದಲ್ಲಿ ಹರಿವನ್ನು ಕಟ್ಟಿ, ಗುಳ್ಳೆ ಎಷ್ಟು ಮೆತ್ತಗೆ ಎಂಬುದನ್ನು ಬದಲಿಸಿ ನೋಡಿದರು. ಮೆತ್ತಗಿನ ಗುಳ್ಳೆ ಘರ್ಷಣೆ ಇಳಿಸಿತು. ಗಟ್ಟಿ ಗುಳ್ಳೆ ಗೋಡೆಯಂಚಿನ ಮಂದಪದರಕ್ಕೆ ಸಿಕ್ಕಿ ನಿಧಾನಗೊಂಡು ಘರ್ಷಣೆಯನ್ನು ಏರಿಸಿಬಿಟ್ಟಿತು! ಟ್ವೆಂಟೆಯ ತೀರ್ಮಾನ ಸರಿ ಎಂದು ನಾನು ನಂಬುವುದು ಈ ಲೆಕ್ಕದ ಬಲದಿಂದ.

ಇನ್ನು ಸಮನ್ವಯವಾದಿಗಳ ಜೊತೆ ನನ್ನ ತಕರಾರು. ಸಣ್ಣದಕ್ಕೆ ಸಣ್ಣದರ ಮಾರ್ಗ, ದೊಡ್ಡದಕ್ಕೆ ದೊಡ್ಡದರ ಮಾರ್ಗ, ಎರಡೂ ನಿಜ ಎನ್ನುತ್ತಾರೆ ಅವರು. ಮನೆಯಲ್ಲಿ ಜಗಳ ಬೇಡವೆನ್ನುವ ಹಿರಿಯರ ಮಾತಿನಂತಿದೆ ಇದು. ಸೂಕ್ಷ್ಮಗುಳ್ಳೆ ಸುಳಿಗಳನ್ನು ಗೋಡೆಯಿಂದ ಆಚೆ ನೂಕುತ್ತದೆ ಎಂದು ಫೆರಾಂಟೆ ಮತ್ತು ಎಲ್ಗೊಬಾಶಿ 2004ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಹೌದು. ಹರಿವಿನ ವೇಗ, ಗಾತ್ರ ಹೆಚ್ಚಿದಂತೆ ಹೆಚ್ಚುವ ರೆನಾಲ್ಡ್ಸ್ ಸಂಖ್ಯೆ ಏರಿದರೆ ಆ ಲಾಭ ಇಳಿಯುತ್ತದೆ ಎಂದು ಮರುವರ್ಷ ತೋರಿಸಿದವರೂ ಅವರೇ. ಹಡಗಿನ ಸಂಖ್ಯೆಯಾದರೋ ಅವರ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಮೇಲಿದೆ. ಗೋಡೆಯ ಬಳಿಯ ಗದ್ದಲ ಕೂದಲೆಳೆಯಷ್ಟು ಜಾಗದಲ್ಲಿ ನಡೆಯುವುದರಿಂದ ಮದ್ದೂ ಅಷ್ಟೇ ಸಣ್ಣದಿರಬೇಕು ಎಂಬ ಊಹೆ ಸೂಕ್ಷ್ಮಗುಳ್ಳೆ ಪಂಥದ ತಳಪಾಯ. ಆ ಗದ್ದಲದ ಸ್ಫೋಟಗಳ ತಾಳ ಗೋಡೆಯಂಚಿನಲ್ಲಲ್ಲ, ಹೊರಗಿನ ಇಡೀ ಪದರದ ದಪ್ಪ ಮತ್ತು ವೇಗದಲ್ಲಿ ತೀರ್ಮಾನವಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರಹರಿ ರಾವ್, ನರಸಿಂಹ, ಬದರಿನಾರಾಯಣನ್ 1971ರಲ್ಲೇ ವಾದಿಸಿದ್ದರು. ಅದರ ಮೇಲೆ ಮುಂದೆ ಚರ್ಚೆ ಎದ್ದಿತು, ನಿಜ. ಆದರೆ ಊಹೆಯನ್ನು ಅನುಮಾನಿಸಲು ಅಷ್ಟು ಸಾಕಿತ್ತು.

ಉರುಳೆ ಹಡಗಲ್ಲ ಎನ್ನುವವರ ಆಕ್ಷೇಪಕ್ಕೆ ತೂಕವಿದೆ. ಉರುಳೆಯ ಸಂದಿಯಲ್ಲಿ ಗುಳ್ಳೆ ಸೆರೆಯಾಳು. ತಿರುಗುವ ನೀರು ಹೊರಕ್ಕೆ ಒತ್ತುವುದರಿಂದ ಹಗುರ ಗುಳ್ಳೆ ಒಳಗೋಡೆಗೇ ಬಂದು ಸೇರುತ್ತದೆ. ತೆರೆದ ಹರಿವಿನಲ್ಲಿ ಆ ಭಾಗ್ಯವಿಲ್ಲ. ಮೆಂಫಿಸ್‌ನ ಅಮೆರಿಕ ನೌಕಾಪಡೆಯ ಜಲಸುರಂಗದಲ್ಲಿ 12.9 ಮೀಟರ್ ಉದ್ದದ ಫಲಕದ ಮೇಲೆ ನಡೆದ ಪ್ರಯೋಗ 2006ರಲ್ಲಿ ಪ್ರಕಟವಾಯಿತು: ವೇಗ ಹೆಚ್ಚಿದಾಗ ಲಾಭ ಮೊದಲ ಕೆಲವು ಮೀಟರಿಗೇ ಮುಗಿಯಿತು, ಗುಳ್ಳೆಗಳು ಗೋಡೆ ಬಿಟ್ಟು ದೂರ ಸರಿದು, ನಡುವೆ ಬರೀ ನೀರು ಉಳಿಯಿತು. ಹಾಗಾದರೆ ಈ ಆಕ್ಷೇಪ ಸೂಕ್ಷ್ಮಗುಳ್ಳೆಯ ಪಕ್ಷವನ್ನೇ ಹೆಚ್ಚು ಕುಟುಕುತ್ತದೆ. ಟ್ವೆಂಟೆಯವರ ಮೇಲೆ ನನ್ನ ದೂರು ಬೇರೆ. ಉಪ್ಪೂ ಗುಳ್ಳೆಗಳು ಕೂಡುವುದನ್ನು ತಡೆಯುತ್ತದೆ, ಹಡಗು ತೇಲುವುದು ಉಪ್ಪುನೀರಿನಲ್ಲಿ. ಅವರ ಮಾರ್ಜಕ ಮಾಡಿದ ಕೆಲಸವನ್ನು ಕಡಲು ಮೊದಲೇ ಮಾಡಿಟ್ಟಿರಬಹುದು. ಅಷ್ಟು ಖಡಾಖಂಡಿತ ಶೀರ್ಷಿಕೆಗೆ ಈ ಅಳುಕು ಇರಬೇಕಿತ್ತು.

ಮೆಂಫಿಸ್ ತಂಡ 2008ರಲ್ಲಿ ಮತ್ತೆ ಬರೆಯಿತು. ಗಾಳಿಯನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಗುಳ್ಳೆಗಳು ಬೆಸೆದು ಫಲಕದಡಿ ಅಖಂಡ ಗಾಳಿಪದರ ಹಾಸಿಕೊಳ್ಳುತ್ತದೆ. ಆಗ ಘರ್ಷಣೆ ಶೇ. 80ಕ್ಕೂ ಹೆಚ್ಚು ಇಳಿಯುತ್ತದೆ. ಹಳೆಯ ಅಂಕಿ ಕೊನೆಗೂ ಉದ್ದ ಫಲಕದ ಮೇಲೆ ಸಿಕ್ಕಿತು, ಗುಳ್ಳೆಯೇ ಇಲ್ಲದ ಕಡೆ.