ಕೇರೆಹಾವಿನ ಆರೋಪ

ತಮ್ಮ 'ನಾಗರಹಾವು' ಕಾದಂಬರಿಯನ್ನು ಸಿನಿಮಾ ಮಾಡಿದ ಪುಟ್ಟಣ್ಣ ಕಣಗಾಲರು ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ಬೇಸರಪಟ್ಟರಂತೆ. ಐವತ್ತು ವರ್ಷಗಳಿಂದ ಈ ಮಾತು ನಮ್ಮಲ್ಲಿ ವಿಮರ್ಶೆಯ ಜಾಗದಲ್ಲಿ ಕೂತುಬಿಟ್ಟಿದೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಂತೂ ಅದಕ್ಕೆ ಇನ್ನಷ್ಟು ತೂಕ. ತಳುಕು ನಮ್ಮದು, ತಳುಕಿನ ಸುಬ್ಬರಾಯರು ನಮ್ಮವರು. ಅವರೇ ಒಪ್ಪದ ಚಿತ್ರವನ್ನು ನಾವು ಒಪ್ಪುವುದುಂಟೇ? ಎದುರು ಪಕ್ಷದವರ ಉತ್ತರವೂ ಅಷ್ಟೇ ಸಿದ್ಧ: 1972ರಲ್ಲಿ ಚಿತ್ರ ಗೆದ್ದಿತು, ಕನ್ನಡಕ್ಕೆ ವಿಷ್ಣುವರ್ಧನ್ ಸಿಕ್ಕರು, 2018ರಲ್ಲಿ ಮತ್ತೆ ತೆರೆಗೆ ಬಂತು, ಇನ್ನೇನು ಬೇಕು? ನನಗೆ ಎರಡೂ ಒಪ್ಪಿಗೆಯಿಲ್ಲ. ಒಬ್ಬರು ಲೇಖಕನ ಬೇಸರವನ್ನೇ ತೀರ್ಪು ಎನ್ನುತ್ತಾರೆ, ಇನ್ನೊಬ್ಬರು ಗಲ್ಲಾಪೆಟ್ಟಿಗೆಯನ್ನು.

ಕತೆ ಬದಲಾಯಿಸಿದರು ಎಂಬ ದೂರು ಗಟ್ಟಿಯಲ್ಲ. ಇದೇ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿಯ ಕರ್ನಾಟಕ ಸಂಗೀತಗಾರ 1956ರ ಹಿಂದಿ ಚಿತ್ರ 'ಬಸಂತ್ ಬಹಾರ್'ನಲ್ಲಿ ಹಿಂದೂಸ್ತಾನಿ ಗಾಯಕನಾದ. ಅದಕ್ಕಾಗಿ ಇಷ್ಟು ಜಗಳವಾದದ್ದನ್ನು ನಾನು ಕೇಳಿಲ್ಲ. ಹಾಗಾದರೆ 'ನಾಗರಹಾವು' ಯಾಕೆ ಇಷ್ಟು ನೋಯಿಸಿತು?

ಈ ನೋವಿನ ಕಾರಣವನ್ನು ಇಂದಿನ ವಿಡಿಯೋ ಗೇಮ್ ಹುಡುಗರು ಬೇಗ ಹಿಡಿಯುತ್ತಾರೆ. 'ಫಾಲ್‌ಔಟ್' ಎಂಬ ರೋಲ್ ಪ್ಲೇಯಿಂಗ್ ಆಟದ ಮೊದಲೆರಡು ಕಂತುಗಳು (1997, 1998) ಮೇಲಿನಿಂದ ನೋಡುತ್ತ, ಸರದಿ ಬಂದಾಗ ಒಂದೊಂದೇ ನಡೆ ಲೆಕ್ಕ ಹಾಕಿ ಕಾದಾಡುವಂಥವು. 2008ರ ಮೂರನೆಯದು ಪಾತ್ರದ ಕಣ್ಣಿನ ಮಟ್ಟಕ್ಕಿಳಿದು, ಬಹುಮಟ್ಟಿಗೆ ಓಡುತ್ತ ಗುಂಡು ಹಾರಿಸುವ ಆಟವಾಯಿತು. ಆಟದ ಪಾಳುಬಿದ್ದ ಲೋಕ ಅದೇ ಉಳಿದರೂ ಹಳೆಯ ಅಭಿಮಾನಿಗಳು ಸಿಟ್ಟಾದರು. ನಿಂತು ನಿಂತು ಲೆಕ್ಕ ಹಾಕಲು ಅಷ್ಟು ವರ್ಷ ಪಳಗಿಸಿಕೊಂಡ ಅವರ ಕೈಗೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ. ತ.ರಾ.ಸು. ಓದುಗರಿಗೆ ಆದದ್ದೂ ಇದೇ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳ ಉದ್ದಕ್ಕೂ ಅವರು ಕಥಾನಾಯಕ ರಾಮಾಚಾರಿಯ ಸಿಟ್ಟಿನ ಜೊತೆ ತಮ್ಮದೇ ವೇಗದಲ್ಲಿ ಬದುಕಿದ್ದರು. ಪುಸ್ತಕ ಮುಚ್ಚಿಟ್ಟು ಅವನನ್ನು ಬೈದುಕೊಂಡು, ಮಾರನೆಯ ದಿನ ಮತ್ತೆ ತೆರೆದು ಕ್ಷಮಿಸುವ ಬಿಡುವಿತ್ತು. ಮೂರು ಗಂಟೆಯ ಆಸುಪಾಸಿನ ಚಿತ್ರ ಆ ಬಿಡುವನ್ನು ಕಿತ್ತುಕೊಂಡಿತು.

ಈ ನೋವು ನಿಜವಾದದ್ದು. ಆದರೆ ಚಿತ್ರ ಸೋತಿತು ಎನ್ನಲು ಅದಷ್ಟೇ ಸಾಲದು. ಕಿತ್ತುಕೊಂಡ ಜಾಗದಲ್ಲಿ ಏನು ಕೊಟ್ಟರು ಎಂದು ಕೇಳಬೇಕು. ಪ್ರಿನ್ಸಿಪಾಲ್ ಶ್ಯಾಮರಾಯರನ್ನು ರಾಮಾಚಾರಿ ರಾತ್ರಿ ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟುವ ದೃಶ್ಯ ನೋಡಿ. ಪ್ರಿನ್ಸಿಪಾಲ್ ಪಾತ್ರದ ಲೋಕನಾಥರ ಪೇಚಾಟಕ್ಕೆ ಥಿಯೇಟರ್ ನಗುತ್ತದೆ, ನಾವೂ ನಗುತ್ತೇವೆ. ಯೋಚಿಸಲು ಬಿಡುವಿಲ್ಲದ್ದರಿಂದ ಒಬ್ಬ ಮೇಷ್ಟರ ಅವಮಾನದಲ್ಲಿ ನಮ್ಮ ಪಾಲೂ ಸೇರಿಹೋಗುತ್ತದೆ. ಕೊನೆಗೆ ಬೆಟ್ಟದ ತುದಿಯಲ್ಲಿ ಅದೇ ಸಿಟ್ಟಿನ ಕೈ ಅವನ ನೆಚ್ಚಿನ ಚಾಮಯ್ಯ ಮೇಷ್ಟರನ್ನು ತಳ್ಳಿದಾಗ ಯಾರಿಗೂ ನಗು ಬರುವುದಿಲ್ಲ. ಮೊದಲ ಮೇಷ್ಟರ ವಿಷಯದಲ್ಲಿ ನಕ್ಕವರು ಎರಡನೆಯವರ ಸಾವಿನ ಹೊತ್ತಿಗೆ ಬೆವರುತ್ತಾರೆ. ನೋಡುವವನನ್ನು ಹೀಗೆ ಸಿಕ್ಕಿಸುವುದು ಸಿನಿಮಾದ ಕಸುಬು. ಪುಟ್ಟಣ್ಣ ಅದನ್ನು ಪೂರ್ತಿ ಬಲ್ಲವರು. ಚಿಟ್ಟಿಬಾಬು ಅವರ ಕ್ಯಾಮೆರಾದಲ್ಲಿ ಚಿತ್ರದುರ್ಗದ ಬಂಡೆಗಳು ಬರೀ ಹಿನ್ನೆಲೆಯಾಗಿಯೂ ಉಳಿದಿಲ್ಲ. ಹಠ ಎಂದರೆ ಏನು ಎನ್ನುವುದಕ್ಕೆ ಮಾತೇ ಬೇಡವಾಗುವಂತೆ ಅವು ರಾಮಾಚಾರಿಯ ಸುತ್ತ ನಿಂತಿವೆ. ಇಂಥ ಚಿತ್ರವನ್ನು ಹಲ್ಲು ಕಿತ್ತ ಹಾವು ಎನ್ನುವುದು ಅನ್ಯಾಯ.

ಹಾಗೆಂದು ಪುಟ್ಟಣ್ಣನವರನ್ನು ಪೂರ್ತಿ ಬಿಟ್ಟುಬಿಡುವಂತಿಲ್ಲ. ಮೂರು ಕಾದಂಬರಿಗಳನ್ನು ಒಂದರಲ್ಲಿ ಮಡಚುವಾಗ ಅವರು ಚಾಮಯ್ಯ ಮೇಷ್ಟರನ್ನು ನಡುಗಂಬ ಮಾಡಿಕೊಂಡರು. ಆ ಪಾತ್ರದ ಅಶ್ವತ್ಥ್ ಅದನ್ನು ಹೊತ್ತರು, ನಿಜ. ಅದರ ಬೆಲೆ ತೆತ್ತವಳು ಮಾರ್ಗರೆಟ್. ರಾಮಾಚಾರಿ ಪ್ರೀತಿಸಿದ ಎರಡು ಹೆಣ್ಣುಗಳಲ್ಲಿ ಆರತಿಯ ಅಲಮೇಲುಗೆ ಪ್ರೀತಿ, ಮದುವೆ, ಪತನ ಎಲ್ಲಕ್ಕೂ ಜಾಗ ಸಿಕ್ಕಿತು. ಶುಭಾ ಅವರ ಮಾರ್ಗರೆಟ್ ಅರ್ಧ ದಾರಿಯಲ್ಲಿ ಹತ್ತಿ, ರಾಮಾಚಾರಿಯ ಜೊತೆ ಪ್ರಪಾತಕ್ಕೆ ಹಾರುತ್ತಾಳೆ. ಪ್ರಾಣ ಕೊಡುವಷ್ಟು ಪ್ರೀತಿ ಅವಳೊಳಗೆ ಹೇಗೆ ಬೆಳೆಯಿತು? ಚಿತ್ರ ಅದನ್ನು ಅವಸರದಲ್ಲಿ ದಾಟಿಬಿಡುತ್ತದೆ. ಜಯಂತಿಯವರು ದುರ್ಗದ ವೀರವನಿತೆ ಓಬವ್ವನಾಗಿ ಬರುವ ಪ್ರಸಂಗವನ್ನು ಎಲ್ಲರೂ ಹೊಗಳುತ್ತಾರೆ. ಬಿಡಿಯಾಗಿ ನೋಡಿದರೆ ನನಗೂ ರೋಮಾಂಚನವೇ. ಆದರೆ ಅಷ್ಟು ಹೊತ್ತು ಕತೆ ನಿಂತೇಬಿಡುತ್ತದೆ, ಆ ಹೊತ್ತು ಮಾರ್ಗರೆಟ್‌ಗೆ ಸಲ್ಲಬೇಕಾದದ್ದು.

ಚಿತ್ರದ ಮೇಲೆ ಇನ್ನೂ ದಾವೆ ಹೂಡುವ ನಮ್ಮ ಸೀಮೆಯ ಓದುಗರು ಕೇರೆಹಾವಿನ ಮಾತನ್ನು ಬದಿಗಿಟ್ಟು, ಮೂರೂ ಕಾದಂಬರಿಗಳನ್ನು ಮತ್ತೊಮ್ಮೆ ಕೈಗೆತ್ತಿಕೊಂಡು, ಮಾರ್ಗರೆಟ್ ಪರವಾಗಿ ಹೂಡಲಿ. ನಾನೂ ಜೊತೆಗಿರುತ್ತೇನೆ.